ಎರಿ ಹೊಲದಲ್ಲಿ ಹುಗಿದ ಟ್ರ್ಯಾಕ್ಟರ್: ಕೈ ವಿಂಚ್‌ನಿಂದ ಎಳೆಯುವುದು ಹೇಗೆ?

ಬಾಗಲಕೋಟೆ ಜಿಲ್ಲೆಯಲ್ಲಿ ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ ಹಿಂಗಾರು ಮಳೆಯೂ ಇರುತ್ತದೆ. ಜಮಖಂಡಿ, ಮುಧೋಳ ಕಡೆಯ ಎರಿ ಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಟ್ರ್ಯಾಕ್ಟರ್ ಗಾಲಿ ಆಕ್ಸೆಲ್‌ವರೆಗೆ ಇಳಿಯುತ್ತದೆ. ಎಳೆಯಲು ತಂದ ಇನ್ನೊಂದು ಟ್ರ್ಯಾಕ್ಟರ್ ಕೂಡ ಎಷ್ಟೋ ಸಲ ಅಲ್ಲೇ ಹುಗಿಯುತ್ತದೆ. ವಿಂಚ್ ಗಟ್ಟಿ ನೆಲದಲ್ಲಿ ಕೂತು, ಹಗ್ಗವನ್ನಷ್ಟೇ ಹುದಲಿಗೆ ಕಳಿಸುತ್ತದೆ.

ವಿಂಚ್ ಅಂದರೆ ಡ್ರಮ್ಮಿಗೆ ಹಗ್ಗ ಸುತ್ತಿಕೊಳ್ಳುತ್ತಾ ಭಾರ ಎಳೆಯುವ ಯಂತ್ರ. ಕೆಲವರು ಚೈನ್ ಪುಲ್ಲಿಗೂ ವಿಂಚ್ ಅಂತಾರೆ, ಆದರೆ ಅದು ಮುಖ್ಯವಾಗಿ ಮೇಲಕ್ಕೆ ಎತ್ತುವ ಸಾಮಾನು. ಕೈ ವಿಂಚ್‌ನಲ್ಲಿ ಹಿಡಿಕೆ, ಗೇರು, ಡ್ರಮ್, ಉಕ್ಕಿನ ತಂತಿಯ ಹಗ್ಗ (ವೈರ್ ರೋಪ್) ಇರುತ್ತವೆ. ಡ್ರಮ್ ಹಿಂದಕ್ಕೆ ತಿರುಗದಂತೆ ಹಲ್ಲಿಗೆ ಸಿಕ್ಕಿಕೊಳ್ಳುವ ಒಂದು ಸಣ್ಣ ತಡೆಯೂ ಇರುತ್ತದೆ.

ಇದರ ಬಲದ ಲೆಕ್ಕ ಸರಳ. ಹಿಡಿಕೆ 35 ಸೆಂ.ಮೀ., ಡ್ರಮ್ಮಿನ ನಡುವಿನಿಂದ ಹಗ್ಗಕ್ಕೆ 5 ಸೆಂ.ಮೀ. ಇದ್ದರೆ ಬಲ 7 ಪಟ್ಟು. ಗೇರು 10 ಪಟ್ಟು ಕೊಟ್ಟರೆ ಒಟ್ಟು 70. ಕೈಯಿಂದ 15 ಕೆ.ಜಿ. ಒತ್ತಿದರೆ ಲೆಕ್ಕಕ್ಕೆ 1,050 ಕೆ.ಜಿ. ಗೇರಿನ ತಿಕ್ಕಾಟದಲ್ಲಿ ಒಂದಿಷ್ಟು ಹೋಗುತ್ತದೆ. ಹಗ್ಗ ಪದರ ಪದರವಾಗಿ ಏರಿ ಆ 5 ಸೆಂ.ಮೀ. 7 ಆದರೆ, ಅದೇ ಕೈಗೆ 750 ಮಾತ್ರ. ಅದಕ್ಕೇ ಹಗ್ಗ ಜಾಸ್ತಿ ಬಿಚ್ಚಿ ಎಳೆಯಬೇಕು. ಆದರೆ ಕಡೆಯ 5 ಸುತ್ತು ಡ್ರಮ್ಮಿನಲ್ಲಿ ಇರಲೇಬೇಕು, ಇಲ್ಲವಾದರೆ ಹಗ್ಗದ ತುದಿಯೇ ಕಿತ್ತು ಬರುತ್ತದೆ.

ಈಗ ಕೆಲಸಕ್ಕೆ ಇಳಿಯೋಣ. ಮೊದಲು ಬೇಕಾದ್ದು ಸಲಿಕೆ. ಟ್ರೇಲರ್ ಬಿಚ್ಚಿ ಬೇರೆ ಮಾಡಿ. ಗಾಲಿಯ ಮುಂದಿನ ಮಣ್ಣು ತೆಗೆದು ಇಳಿಜಾರು ಮಾಡಿ, ಆಕ್ಸೆಲ್ ಕೆಳಗಿನ ರಾಡಿಯನ್ನೂ ಬಿಡಿಸಿ. 50 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರ್ ಸುಮಾರು 2 ಟನ್ ತೂಗುತ್ತದೆ. ಆಳಕ್ಕೆ ಹುಗಿದಿದ್ದರೆ ಎಳೆಯಲು ಹೆಚ್ಚುಕಡಿಮೆ ಅಷ್ಟೇ ಬಲ ಬೇಕಾಗುತ್ತದೆ. ಅರ್ಧ ಗಂಟೆ ಅಗೆದರೆ ಆ ಬಲ ಎಷ್ಟೋ ಇಳಿಯುತ್ತದೆ. ಅವಸರದಲ್ಲಿ ಎಲ್ಲರೂ ಬಿಡುವ ಕೆಲಸ ಇದೇ.

ಆಮೇಲೆ ಆಸರೆ ಹುಡುಕಿ. ಬದುವಿನ ಮೇಲಿನ ಬಲಿತ ಬೇವಿನ ಗಿಡ ಒಳ್ಳೆಯದು. ವಿಂಚ್ ಅನ್ನು ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಹಾಕಿ, ಚೌಕಟ್ಟನ್ನು ಅಗಲ ಬೆಲ್ಟಿನಿಂದ ಗಿಡದ ಬುಡಕ್ಕೆ, ನೆಲಕ್ಕೆ ಹತ್ತಿರವಾಗಿ ಕಟ್ಟಿ. ಮೇಲೆ ಕಟ್ಟಿದರೆ ಗಿಡ ವಾಲುತ್ತದೆ. ಗಿಡ ಇಲ್ಲವೇ? ಒಣ ನೆಲದಲ್ಲಿ ಮೀಟರ್ ಆಳ ತೋಡಿ, ದಪ್ಪ ದಿಮ್ಮಿಯನ್ನು ಎಳೆತಕ್ಕೆ ಅಡ್ಡಲಾಗಿ ಹೂಳಿ, ಅದಕ್ಕೆ ಚೈನ್ ಕಟ್ಟಿ.

ಬಲ ಸಾಲದಿದ್ದರೆ ಟ್ರ್ಯಾಕ್ಟರಿನ ಗಟ್ಟಿ ಹುಕ್ಕಿಗೆ ಪುಲ್ಲಿ ಹಾಕಿ. ವಿಂಚ್‌ನಿಂದ ಹೋದ ಹಗ್ಗ ಪುಲ್ಲಿ ಸುತ್ತಿ ಬಂದು ಗಿಡಕ್ಕೆ ಬಿಗಿಯಲಿ. ಎಳೆತ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ, ವೇಗ ಅರ್ಧಕ್ಕೆ ಇಳಿಯುತ್ತದೆ. ಗಿಡದ ಮೇಲಿನ ಎಳೆತವೂ ಅಷ್ಟೇ ಏರುತ್ತದೆ, ನೆನಪಿರಲಿ. ಹಗ್ಗದ ತುದಿ ಮಡಚಿ ಕುಣಿಕೆ ಮಾಡಿದಲ್ಲಿ, ಎರಡೂ ಎಳೆಗಳನ್ನು ಒತ್ತಿ ಹಿಡಿಯುವ ಕ್ಲಿಪ್ ಕನಿಷ್ಠ 3 ಹಾಕಿ. ಕ್ಲಿಪ್ಪಿನ ಯು ಆಕಾರದ ಬೋಲ್ಟ್ ಮಡಚಿದ ಗಿಡ್ಡ ತುದಿಯ ಮೇಲೆ, ಕ್ಲಿಪ್ಪಿನ ಬುಡ ಭಾರ ಹೊರುವ ಉದ್ದ ಹಗ್ಗದ ಕಡೆ ಇರಬೇಕು.

ಎಳೆಯುವ ಮುನ್ನ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ. ಬಿಗಿದ ವೈರ್ ರೋಪ್ ತುಂಡಾದರೆ ಬಾರಕೋಲಿನಂತೆ ಬೀಸುತ್ತದೆ. ಕಾಲು, ಕಣ್ಣು ಹೋಗಬಹುದು. ಜನರನ್ನು ಹಗ್ಗದ ಉದ್ದಕ್ಕಿಂತ ದೂರ ಕಳಿಸಿ, ಹಗ್ಗ ದಾಟಲು ಯಾರನ್ನೂ ಬಿಡಬೇಡಿ. ಹಿಡಿಕೆ ತಿರುಗಿಸುವವರು ಚರ್ಮದ ಕೈಗವಸು ಹಾಕಿ, ಸಾಧ್ಯವಾದಷ್ಟು ಪಕ್ಕಕ್ಕೆ ನಿಲ್ಲಬೇಕು. ಟ್ರ್ಯಾಕ್ಟರಿನ ಗೇರ್ ನ್ಯೂಟ್ರಲ್‌ನಲ್ಲಿರಲಿ, ಸೀಟಿನಲ್ಲಿ ಯಾರೂ ಬೇಡ. ಒಬ್ಬರು ಮಾತ್ರ ಸೂಚನೆ ಕೊಡಲಿ. ನಿಧಾನ ತಿರುಗಿಸಿ. ಒಬ್ಬರ ಕೈಗೆ ಬಗ್ಗದಿದ್ದರೆ ಹಿಡಿಕೆಗೆ ಪೈಪ್ ಸಿಕ್ಕಿಸಬೇಡಿ, ಇನ್ನಷ್ಟು ಅಗೆಯಿರಿ. ಗಾಲಿ ಮೇಲೆ ಬಂದ ಕೂಡಲೇ ಕಲ್ಲು ಕೊಡಿ.

ಇದೇ ವಿಂಚ್‌ನಲ್ಲಿ ಬಾವಿಯ ಮೋಟರ್ ಎತ್ತುವವರಿದ್ದಾರೆ. ಭಾರ ತಡೆಯುವ ಬ್ರೇಕ್ ಇರದ ವಿಂಚ್‌ನಲ್ಲಿ ತಡೆ ಜಾರಿದರೆ ಹಿಡಿಕೆ ಗಿರ್ರನೆ ತಿರುಗಿ ಮುಂಗೈ ಮುರಿಯುತ್ತದೆ. ಮನುಷ್ಯರನ್ನಂತೂ ಎಳೆಯುವ ವಿಂಚ್‌ನಲ್ಲಿ ಇಳಿಸಲೇಬೇಡಿ.

ಕೆಲಸ ಮುಗಿದ ಮೇಲೆ ಹಗ್ಗದ ರಾಡಿ ತೊಳೆದು ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಸ್ವಲ್ಪ ಬಿಗಿ ಹಿಡಿದು ಸಾಲಾಗಿ ಸುತ್ತಿ. ಸುತ್ತುವಾಗ ಮುರಿದ ತಂತಿ ಎದ್ದು ಕಂಡರೆ, ಇಲ್ಲವೇ ಹಗ್ಗ ಗಂಟಾಗಿ ಮಡಚಿದ್ದರೆ, ಮುಂದಿನ ಸಲಕ್ಕೆ ಹೊಸ ಹಗ್ಗ ತನ್ನಿ.