ಬಿಸಿಲೂರಿನಲ್ಲಿ ಪ್ರೊಸೆಸರ್‌ಗೆ ಥರ್ಮಲ್ ಪೇಸ್ಟ್ ಹಚ್ಚುವುದು: ನನ್ನ ಅನುಭವ

ಕಲಬುರಗಿಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವ ನನ್ನಂಥವರಿಗೆ ಮಾರ್ಚ್‌ನಿಂದ ಮೊದಲ ಮಳೆ ಬೀಳುವವರೆಗೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕಂಪ್ಯೂಟರ್ ತಾನಾಗಿಯೇ ಬಂದ್ ಆಗುತ್ತದೆ, ಫ್ಯಾನಿನ ಸದ್ದು ಕಿವಿಗೆ ಬಡಿಯುತ್ತದೆ, ಮದುವೆಯ ವಿಡಿಯೊ ರೆಂಡರ್ ಮಾಡಲು ಇಟ್ಟರೆ ಅರ್ಧ ದಾರಿಯಲ್ಲಿ ನಿಧಾನವಾಗುತ್ತದೆ. ಫೋಟೊ ಸ್ಟುಡಿಯೊ, ಝೆರಾಕ್ಸ್ ಅಂಗಡಿ, ದಾಲ್ ಮಿಲ್‌ಗಳ ಕಚೇರಿ, ಎಲ್ಲಿಂದ ಬಂದರೂ ಗಿರಾಕಿಗಳ ಊಹೆ ಮಾತ್ರ ಒಂದೇ, ಕಂಪ್ಯೂಟರಿನ ಮುಖ್ಯ ಚಿಪ್ ಆದ ಪ್ರೊಸೆಸರ್‌ಗೂ ಅದನ್ನು ತಣಿಸುವ ಕೂಲರ್‌ಗೂ ನಡುವೆ ಶಾಖ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆ ಎಂಬುದು. ಅದು ಕೆಲವೊಮ್ಮೆ ನಿಜವಿರುತ್ತದೆ. ಆದರೆ ಪೇಸ್ಟ್ ಯಾವ ಕಂಪನಿಯದು, ಯಾವ ಆಕಾರದಲ್ಲಿ ಹಾಕಬೇಕು ಎಂಬ ಚರ್ಚೆಗಿಂತ ಹಳೆಯದನ್ನು ಎಷ್ಟು ಶುದ್ಧವಾಗಿ ತೆಗೆದಿದ್ದೇವೆ, ಕೂಲರ್ ನಾಲ್ಕೂ ಮೂಲೆಗಳಲ್ಲಿ ಸಮನಾಗಿ ಕೂತಿದೆಯೇ ಎಂಬುದೇ ಫಲಿತಾಂಶವನ್ನು ನಿರ್ಧರಿಸುತ್ತದೆ ಎಂದು ಈ ಕೆಲಸ ನನಗೆ ಕಲಿಸಿದೆ.

ಪ್ರೊಸೆಸರ್‌ನ ಲೋಹದ ಮುಚ್ಚಳವೂ ಕೂಲರ್‌ನ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ ಅವುಗಳ ಮೇಲೆ ಸೂಕ್ಷ್ಮವಾದ ಏರುತಗ್ಗುಗಳಿರುತ್ತವೆ, ಎರಡನ್ನೂ ಒತ್ತಿ ಇಟ್ಟಾಗ ಆ ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಗಾಳಿಯ ಉಷ್ಣವಾಹಕತೆ ಪ್ರತಿ ಮೀಟರ್-ಕೆಲ್ವಿನ್‌ಗೆ ಸುಮಾರು 0.026 ವ್ಯಾಟ್, ತಾಮ್ರದ್ದು ಸುಮಾರು 400. ಪೆಟ್ಟಿಗೆಯ ಮೇಲೆ ತಯಾರಕರು ಮುದ್ರಿಸುವ ಲೆಕ್ಕದಲ್ಲೂ ಸಾಮಾನ್ಯ ಪೇಸ್ಟ್‌ಗಳು 4ರಿಂದ 12ರ ಆಸುಪಾಸಿನಲ್ಲೇ ಇರುತ್ತವೆ. ಗಾಳಿಗಿಂತ ನೂರಾರು ಪಟ್ಟು ಮೇಲಾದ ಪೇಸ್ಟ್ ತಾಮ್ರದ ಮುಂದೆ ತೀರ ಬಡವಾದದ್ದು ಎಂಬ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಎಲ್ಲ ನಿಯಮಗಳು ತಾವಾಗಿಯೇ ಹೊಳೆಯುತ್ತವೆ. ಪೇಸ್ಟ್ ಇರಬೇಕಾದದ್ದು ತಗ್ಗುಗಳಲ್ಲಿ ಮಾತ್ರ, ದಪ್ಪ ಪದರವಾದರೆ ಅದೇ ಅಡ್ಡಿಯಾಗುತ್ತದೆ. "ಅಣ್ಣಾ, ಜರಾ ಜಾಸ್ತಿನೇ ಹಚ್ರಿ, ರೊಕ್ಕದ ಚಿಂತಿ ಮಾಡಬ್ಯಾಡ್ರಿ" ಎನ್ನುವ ಸ್ಟುಡಿಯೊದವರಿಗೆ ನಾನು ಇದನ್ನೇ ತಿಳಿಸಿ ಹೇಳುತ್ತೇನೆ, ಅವರು ಅರ್ಧ ಮಾತ್ರ ನಂಬುತ್ತಾರೆ.

ಕೆಲಸ ಆರಂಭಿಸುವ ಮೊದಲು ಕೋಣೆಯ ಉಷ್ಣತೆಯನ್ನು ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ಗಾಳಿಯಿಂದ ತಣಿಯುವ ಯಾವ ಕೂಲರ್ ಕೂಡ ಪ್ರೊಸೆಸರ್ ಅನ್ನು ಕೋಣೆಗಿಂತ ತಣ್ಣಗೆ ಮಾಡಲಾರದು, ಅದು ಮಾಡುವುದೆಲ್ಲ ಕೋಣೆಯ ಉಷ್ಣತೆಯ ಮೇಲಿನ ಹೆಚ್ಚಳವನ್ನು ಹಿಡಿತದಲ್ಲಿಡುವುದಷ್ಟೇ. ಡಿಸೆಂಬರ್‌ನಲ್ಲಿ ಕೋಣೆ 28 ಡಿಗ್ರಿ ಇದ್ದಾಗ ರೆಂಡರಿಂಗ್ ವೇಳೆ 76 ಡಿಗ್ರಿ ತೋರಿಸುವ ಯಂತ್ರ, ಮೇ ತಿಂಗಳ ಮಧ್ಯಾಹ್ನ ತಗಡಿನ ಮಾಳಿಗೆಯ ಕೆಳಗಿನ 42 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ 90ರ ಹತ್ತಿರ ಹೋದರೆ ಅದರ ಪೇಸ್ಟ್‌ನಲ್ಲಿ ದೋಷವೇನೂ ಇಲ್ಲ, ಎರಡೂ ಸಲ ಅಂತರ 48 ಡಿಗ್ರಿಯೇ. ಇಂಟೆಲ್‌ನ ಅನೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಮುಟ್ಟಿದಾಗ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಬೆಂಗಳೂರಿನವರು ಹೇಳುವ ಅಂಕಿಗಳನ್ನು ನಮ್ಮ ಬೇಸಿಗೆಗೆ ಹಾಗೆಯೇ ಹೋಲಿಸಿಕೊಂಡು ಗಾಬರಿಯಾಗುವವರನ್ನು ಕಂಡು ಈ ಮಾತು ಬರೆಯುತ್ತಿದ್ದೇನೆ.

ಕೂಲರ್ ತೆಗೆಯುವ ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿಕೊಳ್ಳುತ್ತೇನೆ, ಅನಂತರ ಬಂದ್ ಮಾಡಿ, ವೈರ್ ಕಿತ್ತು, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳುತ್ತೇನೆ. ನಮ್ಮ ಒಣ ಹವೆಯಲ್ಲಿ ಇದನ್ನು ಬಿಡಬಾರದು. ಬಿಸಿ ಮಾಡುವುದರ ಅಗತ್ಯ ಹೆಚ್ಚಾಗಿ ತಿಳಿಯುವುದು ಎಎಂಡಿ ಕಂಪನಿಯ ಪ್ರೊಸೆಸರ್‌ಗಳು ಮದರ್‌ಬೋರ್ಡಿನಲ್ಲಿ ಕೂರುವ ಎಎಂ4 ಎಂಬ ಸಾಕೆಟ್‌ನಲ್ಲಿ. ಅಲ್ಲಿ ಪಿನ್‌ಗಳು ಪ್ರೊಸೆಸರ್‌ಗೇ ಇರುವುದರಿಂದಲೂ ಅದನ್ನು ಮೇಲಿನಿಂದ ಒತ್ತಿ ಹಿಡಿಯುವ ಚೌಕಟ್ಟು ಇಲ್ಲದಿರುವುದರಿಂದಲೂ, ಗಟ್ಟಿಯಾದ ಪೇಸ್ಟ್ ಇದ್ದಾಗ ಕೂಲರನ್ನು ನೇರವಾಗಿ ಎಳೆದರೆ ಪ್ರೊಸೆಸರ್ ಅದಕ್ಕೆ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್‌ಗಳು ಬಾಗುತ್ತವೆ. ಬಿಸಿಯಿರುವಾಗಲೇ ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುವಿದರೆ ಹಿಡಿತ ಸಡಿಲವಾಗುತ್ತದೆ.

ಸ್ವಚ್ಛಗೊಳಿಸುವ ಕೆಲಸಕ್ಕೆ ನಾನು ಹೆಚ್ಚು ಸಮಯ ಕೊಡುತ್ತೇನೆ. ಮೊದಲು ಒಣ ಬಟ್ಟೆಯಿಂದ ಹಳೆಯ ಪೇಸ್ಟ್‌ನ ಬಹುಪಾಲನ್ನು ಒರೆಸಿ, ಆಮೇಲೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತುಸು ನೆನೆಸಿದ ಬಟ್ಟೆಯಿಂದ, ಬಟ್ಟೆಯ ಮೇಲೆ ಬೂದು ಬಣ್ಣ ಬರುವುದು ನಿಲ್ಲುವವರೆಗೆ ಎರಡೂ ಮೇಲ್ಮೈಗಳನ್ನು ಒರೆಸುತ್ತೇನೆ. ಕನ್ನಡಕ ಒರೆಸುವ ಬಟ್ಟೆ ಇದಕ್ಕೆ ಒಳ್ಳೆಯದು, ಹತ್ತಿ ಎಳೆ ಬಿಡುತ್ತದೆ. ಕೊರೊನಾ ಕಾಲದಿಂದ ಎಲ್ಲರ ಮೇಜಿನ ಮೇಲೂ ಸ್ಯಾನಿಟೈಸರ್ ಇದೆಯೆಂದು ಅದನ್ನು ಬಳಸಬಾರದು, ಅದರಲ್ಲಿರುವ ನೀರು ಮತ್ತು ಗ್ಲಿಸರಿನ್ ಪೊರೆಯಾಗಿ ಉಳಿಯುತ್ತವೆ. ಒರೆಸಿದ ಮೇಲೆ ಬೆರಳು ತಾಗಿಸುವಂತಿಲ್ಲ. ಇದೇ ಹೊತ್ತಿನಲ್ಲಿ ಹೀಟ್‌ಸಿಂಕ್‌ನ, ಅಂದರೆ ಕೂಲರ್‌ನ ಲೋಹದ ಭಾಗದ, ಪಟ್ಟಿಗಳ ನಡುವಿನ ಧೂಳನ್ನು ಬ್ಲೋವರ್‌ನಿಂದ ತೆಗೆಯುತ್ತೇನೆ, ಫ್ಯಾನ್ ರೆಕ್ಕೆಯನ್ನು ಮಾತ್ರ ಬೆರಳಿನಿಂದ ಹಿಡಿದಿರಬೇಕು. ದಾಲ್ ಮಿಲ್‌ನ ಯಂತ್ರಗಳಲ್ಲಿ ತೊಗರಿ ಹೊಟ್ಟಿನ ಧೂಳು ಪಟ್ಟಿಗಳ ನಡುವೆ ಕಂಬಳಿಯಂತೆ ಕೂತಿರುತ್ತದೆ, ಅದನ್ನು ಹಾಗೆಯೇ ಬಿಟ್ಟು ಎಷ್ಟು ದುಬಾರಿ ಪೇಸ್ಟ್ ಹಚ್ಚಿದರೂ ಉಪಯೋಗವಿಲ್ಲ.

ಪ್ರಮಾಣದ ವಿಷಯಕ್ಕೆ ಬಂದರೆ, ಎಎಂ4 ಹಾಗೂ ಎಲ್‌ಜಿಎ 1200 ಸಾಕೆಟ್‌ವರೆಗಿನ ಇಂಟೆಲ್ ಪ್ರೊಸೆಸರ್‌ಗಳಿಗೆ ನಡುವೆ ತೊಗರಿ ಕಾಳಿನ ಗಾತ್ರದ ಒಂದು ಹನಿ ಸಾಕು. 2021ರಲ್ಲಿ ಬಂದ ಎಲ್‌ಜಿಎ 1700 ಸಾಕೆಟ್‌ನ ಪ್ರೊಸೆಸರ್‌ಗಳು 37.5 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಉದ್ದವಿರುವುದರಿಂದ ಅವುಗಳಿಗೆ ಉದ್ದಕ್ಕೆ ಒಂದು ತೆಳು ಗೆರೆಯನ್ನಾಗಲೀ ಸಣ್ಣದೊಂದು ಗುಣಾಕಾರ ಚಿಹ್ನೆಯನ್ನಾಗಲೀ ಎಳೆಯುತ್ತೇನೆ. ಬೆರಳಿನಿಂದ ಹರಡುವುದಿಲ್ಲ, ಕೂಲರ್‌ನ ಒತ್ತಡವೇ ಹರಡುತ್ತದೆ. ಬಿಸಿಲಿನ ದಿನಗಳಲ್ಲಿ ಇಟ್ಟ ಸಿರಿಂಜ್‌ನಲ್ಲಿ ಎಣ್ಣೆ ಬೇರ್ಪಟ್ಟಿರುವುದುಂಟು, ಆದ್ದರಿಂದ ಮೊದಲ ಹನಿಯನ್ನು ಕಾಗದದ ಮೇಲೆ ಹಿಂಡಿ ನೋಡಿ, ಎಣ್ಣೆಯ ಕಲೆ ಹರಡಿದರೆ ಅದನ್ನು ಬಿಡುತ್ತೇನೆ. ಹೊಸ ಕೂಲರ್‌ನ ತಳದಲ್ಲಿ ಕಾರ್ಖಾನೆಯಿಂದಲೇ ಪೇಸ್ಟ್ ಬಂದಿದ್ದರೆ ಅದರ ಮೇಲೆ ಮತ್ತೆ ಹಚ್ಚುವ ಅಗತ್ಯವಿಲ್ಲ.

ಈಗ ಬರುವುದು ನಿಜವಾದ ಪರೀಕ್ಷೆ. ಕ್ಯಾಬಿನೆಟ್ ಅನ್ನು ಮಲಗಿಸಿ, ಕೂಲರನ್ನು ಮೇಲಿನಿಂದ ನೇರವಾಗಿ ಇಳಿಸಿ, ಒಂದು ಮೂಲೆಯ ಸ್ಕ್ರೂವನ್ನು ಎರಡು ಸುತ್ತು, ಅದರ ಎದುರು ಕರ್ಣದ ಮೂಲೆಯದನ್ನು ಎರಡು ಸುತ್ತು, ಹೀಗೆ ಅದಲುಬದಲಾಗಿ ಬಿಗಿ ಮಾಡುತ್ತ ಹೋಗಬೇಕು. ಒಂದೇ ಬದಿಯನ್ನು ಪೂರ್ತಿ ಬಿಗಿದರೆ ಪೇಸ್ಟ್ ಇನ್ನೊಂದು ಬದಿಗೆ ಸರಿದು ದಪ್ಪವಾಗಿ ಉಳಿಯುತ್ತದೆ. ಇಂಟೆಲ್ ಪ್ರೊಸೆಸರ್‌ನೊಂದಿಗೆ ಬರುವ ಕೂಲರ್‌ನ ನಾಲ್ಕು ಪುಶ್ ಪಿನ್‌ಗಳು ಇನ್ನೂ ತೊಂದರೆಯವು. ತಲೆಯ ಮೇಲಿನ ಬಾಣದ ಗುರುತು ಬಿಡಿಸುವ ದಿಕ್ಕನ್ನು ತೋರಿಸುತ್ತದೆ, ಕೂರಿಸುವಾಗ ಅದನ್ನು ವಿರುದ್ಧ ದಿಕ್ಕಿಗೆ ತಿರುಗಿಸಿಟ್ಟು, ಕರ್ಣದ ಜೋಡಿಗಳಾಗಿ 'ಟಕ್' ಎನ್ನುವವರೆಗೆ ಒತ್ತಿ, ಮದರ್‌ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ಕಾಲುಗಳು ಪೂರ್ತಿ ಹೊರಬಂದಿವೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಪೇಸ್ಟ್ ಒಣಗಿದೆ ಎಂದು ಬಂದ ಎಷ್ಟೋ ಯಂತ್ರಗಳಲ್ಲಿ ನಾನು ಕಂಡದ್ದು ಒಂದು ಪಿನ್ ಅರ್ಧಕ್ಕೆ ನಿಂತಿದ್ದನ್ನು. ಪೇಸ್ಟ್ ಹೇಗೆ ಹರಡಿದೆ ಎಂಬ ಕುತೂಹಲಕ್ಕೆ ಕೂಲರ್ ಎತ್ತಿ ನೋಡಿ ಹಾಗೆಯೇ ಮರಳಿ ಕೂರಿಸುವುದೂ ಸರಿಯಲ್ಲ, ಎತ್ತಿದರೆ ಗಾಳಿಯ ಗುಳ್ಳೆ ಸೇರುತ್ತದೆ, ಮತ್ತೆ ಒರೆಸಿ ಹೊಸದಾಗಿ ಹಚ್ಚಬೇಕು.

ಫ್ಯಾನಿನ ವೈರ್ ಸಿಕ್ಕಿಸಿ, ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಅದು ತಿರುಗುತ್ತಿರುವುದನ್ನು ನೋಡಿ, ಪ್ರೊಸೆಸರ್‌ನ ಉಷ್ಣತೆ ತೋರಿಸುವ ಕೋರ್ ಟೆಂಪ್‌ನಂಥ ತಂತ್ರಾಂಶ ತೆರೆದಿಟ್ಟುಕೊಂಡು ಯಂತ್ರಕ್ಕೆ ಇಪ್ಪತ್ತು ನಿಮಿಷ ಪೂರ್ತಿ ಹೊರೆ ಹಾಕುತ್ತೇನೆ. ಉಷ್ಣತೆ ಏರುವ ರೀತಿಯೇ ಬಹಳಷ್ಟನ್ನು ಹೇಳುತ್ತದೆ: ಹೊರೆ ಬಿದ್ದ ಎರಡು ಮೂರು ಸೆಕೆಂಡಿನಲ್ಲೇ 90 ದಾಟಿದರೆ ಕೂಲರ್ ಸರಿಯಾಗಿ ತಾಗಿಲ್ಲವೆಂದು ಮೊದಲು ಸಂಶಯಪಡುತ್ತೇನೆ, ಹತ್ತು ಹದಿನೈದು ನಿಮಿಷದಲ್ಲಿ ನಿಧಾನವಾಗಿ ಏರಿದರೆ ಕ್ಯಾಬಿನೆಟ್‌ನಿಂದ ಬಿಸಿಗಾಳಿ ಹೊರಹೋಗುತ್ತಿಲ್ಲ ಎಂದು ತಿಳಿಯುತ್ತೇನೆ. ಎರಡನೆಯದಕ್ಕೆ ಪೇಸ್ಟ್ ಬದಲಿಸಿ ಪ್ರಯೋಜನವಿಲ್ಲ, ಗೋಡೆಗೆ ಅಂಟಿಸಿಟ್ಟ ಕ್ಯಾಬಿನೆಟ್ ಅನ್ನು ಒಂದು ಗೇಣು ಈಚೆಗೆ ಎಳೆದರೆ ಸಾಕಾಗುವುದುಂಟು.

ಲ್ಯಾಪ್‌ಟಾಪ್‌ಗಳಲ್ಲಿ ಲೋಹದ ಮುಚ್ಚಳವಿಲ್ಲದೆ ಚಿಪ್ ಬಯಲಾಗಿಯೇ ಇರುವುದರಿಂದ ಅದರ ಮೇಲ್ಮೈ ಪೂರ್ತಿ ಮುಚ್ಚುವಂತೆ ತೆಳುವಾಗಿ ಹರಡಬೇಕಾಗುತ್ತದೆ, ಪಕ್ಕದ ಮೆಮೊರಿ ಚಿಪ್‌ಗಳ ಮೇಲಿನ ಥರ್ಮಲ್ ಪ್ಯಾಡ್ (ಶಾಖ ದಾಟಿಸುವ ಮೆತ್ತನೆಯ ಪಟ್ಟಿ) ತೆಗೆದು ಅಲ್ಲಿ ಪೇಸ್ಟ್ ತುಂಬಬಾರದು, ಅಲ್ಲಿನ ಅಂತರ ಪೇಸ್ಟ್‌ಗೆ ಮೀರಿದ್ದು. ಪೇಸ್ಟ್ ಬದಲು ದ್ರವ ಲೋಹ, ಅಂದರೆ ಲಿಕ್ವಿಡ್ ಮೆಟಲ್, ಕೇಳಿಕೊಂಡು ಬರುವ ಹುಡುಗರಿಗೆ ಬೇಡವೆನ್ನುತ್ತೇನೆ. ಅದರಲ್ಲಿನ ಗ್ಯಾಲಿಯಂ ಅಲ್ಯೂಮಿನಿಯಂ ತಳವನ್ನು ತಿಂದುಹಾಕುತ್ತದೆ, ಹನಿ ಜಾರಿದರೆ ಮದರ್‌ಬೋರ್ಡ್ ಶಾರ್ಟ್ ಆಗುತ್ತದೆ.

ಧೂಳು ತೆಗೆದಾಗಲೆಲ್ಲ ಪೇಸ್ಟ್ ಬದಲಿಸುವ ಅಗತ್ಯವನ್ನು ನಾನು ಕಂಡಿಲ್ಲ. ಕ್ಯಾಬಿನೆಟ್‌ನ ಬದಿಯ ಮುಚ್ಚಳದ ಒಳಗೆ ಚೀಟಿ ಅಂಟಿಸಿ, ಹಚ್ಚಿದ ತಾರೀಖು, ಪೇಸ್ಟ್‌ನ ಹೆಸರು, ಅಂದಿನ ಕೋಣೆಯ ಉಷ್ಣತೆ ಮತ್ತು ಹೊರೆಯಲ್ಲಿನ ಉಷ್ಣತೆಯನ್ನು ಬರೆದಿರುತ್ತೇನೆ. ಧೂಳು ತೆಗೆದ ಮೇಲೂ, ಅದೇ ಹೊರೆಯಲ್ಲಿ ಆ ಎರಡು ಅಂಕಿಗಳ ಅಂತರ ಹತ್ತು ಡಿಗ್ರಿಯಷ್ಟು ಬೆಳೆದಿದ್ದರೆ ಮಾತ್ರ ಕೂಲರ್ ಬಿಚ್ಚುತ್ತೇನೆ.