ಎ.ಟಿ. ಟೈರು ಹಾಕಿಸಬೇಕಾ? ಹಿಮದ ಊರಿಗೆ ಹೊಸದಾಗಿ ಬಂದವರಿಗೆ ಒಂದು ಮಾರ್ಗದರ್ಶಿ

ಹಿಮ ಬೀಳುವ ಊರಿಗೆ ಬಂದ ಮೊದಲ ವರ್ಷ, ಚಳಿ ಶುರುವಾಗುವ ಮುಂಚೆ ಹೆಚ್ಚಿನ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಇರುವುದು ಒಂದೇ ಗಾಡಿ, ಬಹುತೇಕ ಒಂದು ಕ್ರಾಸ್‌ಓವರ್ ಅಥವಾ ಎಸ್‌ಯುವಿ. ಅದರಲ್ಲೇ ಕೆಲಸಕ್ಕೆ ಹೋಗಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು, ಹಿಮ ಬಿದ್ದ ದಿನವೂ ಓಡಿಸಬೇಕು. ಆಗೊಮ್ಮೆ ಈಗೊಮ್ಮೆ ಕ್ಯಾಂಪಿಂಗ್, ಬೆಟ್ಟ ಅಂತ ಮಣ್ಣುರಸ್ತೆಗೂ ಇಳಿಸಬೇಕು. ಆಗ ಯಾರಾದರೂ ‘ಸುಮ್ನೆ ಆಲ್ ಟೆರೈನ್ ಹಾಕಿಸಿಬಿಡಿ, ಎಲ್ಲದಕ್ಕೂ ಆಗುತ್ತೆ’ ಅಂದೇ ಅನ್ನುತ್ತಾರೆ.

ಆಗುತ್ತೆ, ಆದರೆ ಎಲ್ಲ ಎ.ಟಿ. (ಆಲ್ ಟೆರೈನ್, ಅಂದರೆ ಎಲ್ಲ ಬಗೆಯ ನೆಲದ) ಟೈರೂ ಎಲ್ಲದಕ್ಕೂ ಆಗುವುದಿಲ್ಲ. ಹಣ ಕೊಡುವ ಮುಂಚೆ ನಿಮ್ಮ ಓಡಾಟವನ್ನು ಒಂದು ಸಲ ಲೆಕ್ಕ ಹಾಕಿ. ಟ್ರೇಲಿಗೆ, ಅಂದರೆ ಬೆಟ್ಟ ಕಾಡಿನ ಮಣ್ಣುದಾರಿಗೆ, ಹೋಗುವುದನ್ನು ಮುಂದಿನ ವಾರಕ್ಕೆ ಹಾಕಬಹುದು. ಕೆಲಸ, ಶಾಲೆ, ಡಾಕ್ಟರ ಅಪಾಯಿಂಟ್‌ಮೆಂಟ್ ಹಾಗೆ ಮುಂದಕ್ಕೆ ಹಾಕಲು ಬರುವುದಿಲ್ಲ. ಹಾಗಾಗಿ ತಪ್ಪಿಸಿಕೊಳ್ಳಲಾಗದ ಅತಿ ಕೆಟ್ಟ ಬೆಳಗ್ಗೆ ರಸ್ತೆ ಹೇಗಿರುತ್ತದೆ ಎಂದು ನೋಡಿ ಟೈರು ಆರಿಸಬೇಕು. ಟ್ರೇಲಿನ ಫೋಟೋ ನೋಡಿ ಅಲ್ಲ.

ಚಳಿಗೆ ಟೈರಿನಲ್ಲಿ ಏನಾಗುತ್ತದೆ

ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗತೊಡಗುತ್ತದೆ. ಹಿಮ ಬಿದ್ದಿರಲೇಬೇಕೆಂದಿಲ್ಲ, ಒಣ ರಸ್ತೆಯಲ್ಲೂ ಹಿಡಿತ ಕಡಿಮೆಯಾಗುತ್ತದೆ. ಒದ್ದೆ ನೆಲದ ಮೇಲೆ ಸವೆದ ಚಪ್ಪಲಿ ಹಾಕಿ ನಡೆದಂತೆ. ವಿಂಟರ್ ಟೈರಿನ ರಬ್ಬರನ್ನು ಚಳಿಯಲ್ಲೂ ಮೆತ್ತಗಿರುವಂತೆ ಮಾಡಿರುತ್ತಾರೆ. ಆಲ್ ಸೀಸನ್ ಟೈರು ಇವೆರಡರ ನಡುವಿನದು. ಅಲ್ಲೊಂದು ಇಲ್ಲೊಂದು ದಿನ ತೆಳ್ಳಗೆ ಹಿಮ ಬಿದ್ದು ಕರಗುವ ಊರಿಗೆ ಅದು ಸಾಕು.

ಎ.ಟಿ. ಟೈರನ್ನು ಮುಖ್ಯವಾಗಿ ಜಲ್ಲಿ, ಮಣ್ಣು, ಕಲ್ಲುದಾರಿಗೆ ಅಂತ ಮಾಡಿರುತ್ತಾರೆ. ಮೈಮೇಲಿನ ಗಟ್ಟಿಗಳು (ನೆಲಕ್ಕೆ ತಾಗುವ ರಬ್ಬರಿನ ಉಬ್ಬು ತುಂಡುಗಳು) ದೊಡ್ಡವು, ನಡುವಿನ ಸಂದು ಆಳ, ಪಕ್ಕದ ಗೋಡೆ ದಪ್ಪ. ಆಳದ ಸಂದು ಇರುವುದರಿಂದ ಪುಡಿ ಹಿಮದಲ್ಲಿ, ನೀರು ಬೆರೆತು ಕೆಸರಾದ ಹಿಮದಲ್ಲಿ ಇದು ಚೆನ್ನಾಗಿ ಕಚ್ಚುತ್ತದೆ. ಮಂಜುಗಡ್ಡೆಯ ವಿಚಾರ ಬೇರೆ. ಅಲ್ಲಿ ದೊಡ್ಡ ಗಟ್ಟಿಯಿಂದ ಏನೂ ಲಾಭವಿಲ್ಲ. ಮೆತ್ತನೆ ರಬ್ಬರು ಬೇಕು, ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಸೀಳುಗಳು ತುಂಬಾ ಬೇಕು. ಇವನ್ನು ಸೈಪ್ ಅನ್ನುತ್ತಾರೆ.

ಅಂಗಡಿಯಲ್ಲಿ ಟೈರು ಕೈಗೆ ಸಿಕ್ಕರೆ ಒಂದು ಗಟ್ಟಿಯನ್ನು ಎರಡು ಹೆಬ್ಬೆರಳಿನಿಂದ ಒತ್ತಿ ಅಗಲಿಸಿ ನೋಡಿ. ಸೀಳು ಬಾಯಿಬಿಡುತ್ತದೆ. ಕೆಲವು ಟೈರಿನಲ್ಲಿ ಅದು ಗಟ್ಟಿಯ ಬುಡದವರೆಗೂ ಇಳಿದಿರುತ್ತದೆ, ಕೆಲವದರಲ್ಲಿ ಅರ್ಧಕ್ಕೇ ನಿಂತಿರುತ್ತದೆ. ಅರ್ಧಕ್ಕೆ ನಿಂತಿದ್ದರೆ ಮೊದಲ ಚಳಿಗಾಲ ಚೆನ್ನಾಗಿಯೇ ಓಡುತ್ತದೆ. ಟೈರು ಅರ್ಧ ಸವೆಯುವ ಹೊತ್ತಿಗೆ ಸೀಳೇ ಉಳಿದಿರುವುದಿಲ್ಲ, ಹಿಮದ ಮೇಲೆ ಜಾರಲು ಶುರು ಮಾಡುತ್ತದೆ. ‘ಹೋದ ವರ್ಷ ಚೆನ್ನಾಗಿತ್ತಲ್ಲ, ಈ ವರ್ಷ ಏನಾಯ್ತು?’ ಅನ್ನುವವರ ಗಾಡಿಯಲ್ಲಿ ಆಗಿರುವುದು ಎಷ್ಟೋ ಸಲ ಇದೇ.

ಬೆಟ್ಟದೊಳಗಿನ ಹಿಮದ ಹರಳು

ಟೈರಿನ ಪಕ್ಕದ ಗೋಡೆಯ ಮೇಲೆ ಎರಡು ಗುರುತು ಹುಡುಕಿ. ಒಂದು ‘ಎಂ ಪ್ಲಸ್ ಎಸ್’ (M+S), ಅಂದರೆ ಕೆಸರು ಮತ್ತು ಹಿಮ. ಇದನ್ನು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಮೇಲ್ಮೈಯಲ್ಲಿ ಇಷ್ಟು ಸಂದು, ಇಂಥ ವಿನ್ಯಾಸ ಇದ್ದರೆ ಕಂಪನಿ ಅದನ್ನು ಅಚ್ಚು ಹಾಕಬಹುದು. ಹಿಮದ ಮೇಲೆ ಓಡಿಸಿ ನೋಡಿರಲೇಬೇಕೆಂಬ ನಿಯಮವಿಲ್ಲ. ಹೆಚ್ಚುಕಮ್ಮಿ ಎಲ್ಲ ಆಲ್ ಸೀಸನ್ ಮತ್ತು ಎ.ಟಿ. ಟೈರಿನ ಮೇಲೂ ಇದು ಇರುತ್ತದೆ.

ಇನ್ನೊಂದು, ಮೂರು ಶಿಖರದ ಬೆಟ್ಟದ ಚಿತ್ರ, ಒಳಗೆ ಹಿಮದ ಹರಳು. ಇದು ಬಂದದ್ದು 1999ರಲ್ಲಿ. ಇದನ್ನು ಹಾಕಬೇಕಾದರೆ ಒತ್ತಿ ಗಟ್ಟಿಯಾದ ಹಿಮದ ಮೇಲೆ ಟೈರನ್ನು ನಿಜವಾಗಿ ಪರೀಕ್ಷೆ ಮಾಡಿ, ಒಂದು ಮಾದರಿ ಟೈರಿಗಿಂತ ನಿಗದಿತ ಮಟ್ಟದಷ್ಟು ಜಾಸ್ತಿ ಹಿಡಿತ ತೋರಿಸಬೇಕು. ಹಿಮದಲ್ಲಿ ಓಡಿಸಲೆಂದು ಎ.ಟಿ. ಕೊಳ್ಳುತ್ತಿದ್ದರೆ ಈ ಗುರುತು ಇಲ್ಲದ ಟೈರನ್ನು ಕೊಳ್ಳಲೇಬೇಡಿ. ಇದರಲ್ಲಿ ರಾಜಿ ಬೇಡ.

ಆದರೆ ಈ ಗುರುತಿಗೂ ಮಿತಿ ಇದೆ. ಪರೀಕ್ಷೆ ಆಗುವುದು ಹಿಮದ ಮೇಲೆ, ಮಂಜುಗಡ್ಡೆಯ ಮೇಲೆ ಅಲ್ಲ. ತಿರುವಿನಲ್ಲಿ ಗಾಡಿ ಎಷ್ಟು ಹಿಡಿತದಲ್ಲಿರುತ್ತದೆ ಎಂದೂ ಅದು ಹೇಳುವುದಿಲ್ಲ. ಹರಳಿನ ಗುರುತು ಇರುವ ಎ.ಟಿ. ಟೈರು, ಅದೇ ಗುರುತು ಇರುವ ಅಪ್ಪಟ ವಿಂಟರ್ ಟೈರು, ಎರಡೂ ಒಂದೇ ಅಲ್ಲ. ಐಸಿನ ಮೇಲೆ ಬ್ರೇಕ್ ಹಾಕಿದಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಕಾನೂನು ಊರಿಂದ ಊರಿಗೆ ಬೇರೆ. ಕೆನಡಾದ ಕ್ವಿಬೆಕ್‌ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರು ಕಡ್ಡಾಯ. ಅದೇ ದೇಶದ ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದಲೇ ನಿಯಮ ಶುರು, ಅಲ್ಲಿ ಎಂ ಪ್ಲಸ್ ಎಸ್ ಕೂಡ ನಡೆಯುತ್ತದೆ, ಆದರೆ ಸಂದಿನ ಆಳ 3.5 ಮಿ.ಮೀ. ಉಳಿದಿರಬೇಕು. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಬರೀ ಎಂ ಪ್ಲಸ್ ಎಸ್ ಇದ್ದರೆ ಚಳಿಗಾಲದ ಟೈರು ಎಂದು ಒಪ್ಪುವುದಿಲ್ಲ. ನೀವಿರುವ ಕಡೆಯ ನಿಯಮವನ್ನು ಸಾರಿಗೆ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಿ. ಬೆಟ್ಟ ದಾಟಿ ಬೇರೆ ಪ್ರಾಂತ್ಯಕ್ಕೆ ಹೋಗುವವರು ಅಲ್ಲಿಯದನ್ನೂ ನೋಡಬೇಕು.

ಫೋರ್ ವೀಲ್ ಡ್ರೈವ್ ಇದೆಯಲ್ಲ?

ಹೊಸಬರು ಹೆಚ್ಚು ಮೋಸ ಹೋಗುವುದು ಇಲ್ಲೇ. ನಾಲ್ಕು ಚಕ್ರಕ್ಕೂ ಶಕ್ತಿ ಹೋದರೆ ಗಾಡಿ ಹೊರಡುವುದು ಸುಲಭ. ನಿಲ್ಲಿಸುವುದಕ್ಕೆ ಅದರಿಂದ ಉಪಯೋಗವಿಲ್ಲ. ಬ್ರೇಕು ಎಲ್ಲ ಗಾಡಿಯಲ್ಲೂ ನಾಲ್ಕೂ ಚಕ್ರಕ್ಕೆ ಇರುತ್ತದೆ. ನಿಲ್ಲುವುದು ಟೈರಿನ ಹಿಡಿತದಿಂದ ಮಾತ್ರ. ಒಳ್ಳೆ ವಿಂಟರ್ ಟೈರು ಹಾಕಿದ ಟೂ ವೀಲ್ ಡ್ರೈವ್ ಕಾರು, ಸವೆದ ಆಲ್ ಸೀಸನ್ ಹಾಕಿದ ಎಸ್‌ಯುವಿಗಿಂತ ಬೇಗ ನಿಲ್ಲುತ್ತದೆ. ಹೊರಡುವಾಗ ಜಾರದ ಗಾಡಿ ಧೈರ್ಯ ಜಾಸ್ತಿ ಕೊಡುತ್ತದೆ, ಅದೇ ತೊಂದರೆ.

ಫೋರ್ ವೀಲ್, ಆಲ್ ವೀಲ್ ಗಾಡಿಗೆ ನಾಲ್ಕೂ ಟೈರು ಒಂದೇ ಬಗೆಯವು, ಹೆಚ್ಚುಕಮ್ಮಿ ಒಂದೇ ಸವೆತದವು ಆಗಿರಬೇಕು. ಎರಡೇ ಬದಲಾಯಿಸಿದರೆ ಚಕ್ರಗಳ ಸುತ್ತಳತೆ ಬೇರೆಯಾಗಿ ಒಳಗಿನ ಗೇರುಗಳ ಮೇಲೆ ಸದಾ ಒತ್ತಡ ಬೀಳುತ್ತದೆ. ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂದು ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತಾರೆ.

ಪಕ್ಕದ ಗೋಡೆಯ ಬರಹ

ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಟೈರಿನ ಅಳತೆ, ಗಾಳಿ ಎಷ್ಟಿರಬೇಕು, ಎರಡೂ ಅಲ್ಲಿವೆ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅಂಗಡಿಗೆ ಹೋದಾಗ ಅದೊಂದೇ ಸಾಕು.

ಉದಾಹರಣೆಗೆ 225/65 ಆರ್ 17 102 ಟಿ ಎಂದಿದೆ ಅಂದುಕೊಳ್ಳಿ. ಅಗಲ 225 ಮಿ.ಮೀ. ಗೋಡೆಯ ಎತ್ತರ ಅದರ ನೂರಕ್ಕೆ 65 ಪಾಲು. 17 ಇಂಚಿನ ರಿಮ್. 102 ಅಂದರೆ ಒಂದು ಟೈರು 850 ಕೆ.ಜಿ. ಹೊರುತ್ತದೆ. ಟಿ ಅಂದರೆ ಗಂಟೆಗೆ 190 ಕಿ.ಮೀ. ವೇಗದವರೆಗೆ ತಡೆಯುತ್ತದೆ. ಹೊಸ ಟೈರಿನ ಭಾರದ ಸಂಖ್ಯೆ ಸ್ಟಿಕ್ಕರಿನಲ್ಲಿ ಇರುವುದಕ್ಕಿಂತ ಕಡಿಮೆ ಆಗಲೇಬಾರದು.

ಅಳತೆಯ ಮುಂದೆ ‘ಎಲ್‌ಟಿ’ ಎಂದಿದ್ದರೆ ಅದು ಲೈಟ್ ಟ್ರಕ್ಕಿನ ಟೈರು. ಒಂದೇ ಹೆಸರಿನ ಎ.ಟಿ. ಟೈರು ಎಲ್‌ಟಿಯಲ್ಲೂ ಸಿಗುತ್ತದೆ, ಮಾಮೂಲಿ ಗಾಡಿಯ ಬಗೆಯಲ್ಲೂ ಸಿಗುತ್ತದೆ. ಎಲ್‌ಟಿ ದಪ್ಪ, ತೂಕ ಜಾಸ್ತಿ, ಚೂಪು ಕಲ್ಲಿಗೆ ಸುಲಭಕ್ಕೆ ಹರಿಯುವುದಿಲ್ಲ. ಭಾರ ಎಳೆಯುವ ಪಿಕಪ್‌ಗೆ, ಕಲ್ಲುದಾರಿಯಲ್ಲೇ ಓಡಾಡುವವರಿಗೆ ಅದು ಸರಿ. ಮಕ್ಕಳನ್ನು ಕೂರಿಸಿಕೊಂಡು ಊರೊಳಗೆ ಓಡಾಡುವ ಕ್ರಾಸ್‌ಓವರ್‌ಗೆ ಅದು ಬೇಕಿಲ್ಲ. ಪ್ರತಿ ಗುಂಡಿಯೂ ಬೆನ್ನಿಗೆ ಗೊತ್ತಾಗುತ್ತದೆ, ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ಬ್ರೇಕ್ ಹಿಡಿಯಲೂ ಸ್ವಲ್ಪ ಭಾರ. ಅದೇ ಭಾರ ಹೊರಲು ಸ್ಟಿಕ್ಕರಿನಲ್ಲಿ ಇರುವುದಕ್ಕಿಂತ ಜಾಸ್ತಿ ಗಾಳಿಯೂ ಬೇಕಾಗುತ್ತದೆ. ಅಂಗಡಿಯವರು ‘ಇದು ಇನ್ನೂ ಸ್ಟ್ರಾಂಗ್’ ಅಂದರೆ ಸುಮ್ನೆ ತಲೆಯಾಡಿಸಬೇಡಿ, ‘ನನ್ನ ಗಾಡಿಗೆ ಯಾಕೆ ಬೇಕು?’ ಎಂದು ಕೇಳಿ.

ಗೋಡೆಯ ಮೇಲೆ ಡಿಒಟಿ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕೆ ತಯಾರಾದ ವಾರ ಮತ್ತು ವರ್ಷ. 3523 ಎಂದಿದ್ದರೆ 2023ರ 35ನೇ ವಾರ. ‘ಹೊಸದು’ ಎಂದು ಮಾರುವ ಟೈರು ಗೋಡೌನಿನಲ್ಲೇ ವರ್ಷಗಟ್ಟಲೆ ಕೂತಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ನೋಡಲು ಚೆನ್ನಾಗಿದೆ ಅಂತ ದೊಡ್ಡ ಅಳತೆಯ ಟೈರು ಹಾಕಿಸುವ ಆಸೆ ಬೇಡ. ತಿರುಗಿಸುವಾಗ ಒಳಗೆ ಉಜ್ಜುತ್ತದೆ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಜಾರದಂತೆ ಟೈರಿಗೆ ಸುತ್ತುವ ಹಿಮದ ಚೈನ್ ಹಾಕಬೇಕಾದರೆ ಜಾಗವೇ ಇರುವುದಿಲ್ಲ. ಆಳದ ಹಿಮದಲ್ಲಿ ಅಗಲದ ಟೈರಿಗಿಂತ ಸಣ್ಣ ಅಗಲದ್ದೇ ಚೆನ್ನಾಗಿ ಸೀಳಿಕೊಂಡು ಹೋಗುತ್ತದೆ.

ಹಾಗಾದರೆ ಯಾವುದು?

ನಮ್ಮ ಸಲಹೆ ಇಷ್ಟು. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಜಲ್ಲಿ ರಸ್ತೆಗೆ ಹೋಗುವವರಿಗೆ, ಹಿಮ ಬಿದ್ದರೂ ರಸ್ತೆ ಬೇಗ ಸ್ವಚ್ಛವಾಗುವ ಊರಿನವರಿಗೆ, ಎ.ಟಿ. ಬೇಕಾಗಿಯೇ ಇಲ್ಲ. ಹಿಮದ ಹರಳಿನ ಗುರುತು ಇರುವ ಆಲ್ ವೆದರ್ ಟೈರು ಹಾಕಿಸಿ. ಇದು ಆಲ್ ಸೀಸನ್ ಅಲ್ಲ, ಬೇರೆ ಬಗೆ. ವರ್ಷಪೂರ್ತಿ ಬಿಡಬಹುದು, ಸದ್ದೂ ಕಡಿಮೆ.

ತಿಂಗಳಿಗೊಮ್ಮೆಯಾದರೂ ಮಣ್ಣುದಾರಿ ಹಿಡಿಯುವವರು, ಮನೆಯೇ ಜಲ್ಲಿ ರಸ್ತೆಯ ಕೊನೆಗಿರುವವರು, ಹಿಮ ತೆಗೆಯುವ ಗಾಡಿ ತಡವಾಗಿ ಬರುವ ಬೀದಿಯವರು, ಇವರಿಗೆ ಹರಳಿನ ಗುರುತಿನ ಎ.ಟಿ. ಒಳ್ಳೆಯದು. ಬಿ.ಎಫ್. ಗುಡ್‌ರಿಚ್ ಕೆಓ2, ಫಾಲ್ಕನ್ ವೈಲ್ಡ್‌ಪೀಕ್ ಎ/ಟಿ3ಡಬ್ಲ್ಯು, ಟೋಯೋ ಓಪನ್ ಕಂಟ್ರಿ ಎ/ಟಿ 3, ಯೋಕೊಹಾಮಾ ಜಿಯೋಲ್ಯಾಂಡರ್ ಜಿ015, ಇವೆಲ್ಲ ಆ ಗುರುತಿನೊಂದಿಗೆ ಬಂದವು. ಆದರೂ ನಿಮ್ಮ ಅಳತೆಯ ಟೈರಿನ ಮೇಲೆ ಗುರುತು ಇದೆಯೇ ಎಂದು ಕಣ್ಣಾರೆ ನೋಡಿಯೇ ಹಾಕಿಸಿ. ಕ್ರಾಸ್‌ಓವರ್ ಆದರೆ ಇಂಥ ಹೆಸರುಗಳಲ್ಲೇ ಸ್ವಲ್ಪ ಮೆದು ಬಗೆಯದನ್ನು ಕೇಳಿ.

ಮಂಜುಗಡ್ಡೆ ವಾರಗಟ್ಟಲೆ ರಸ್ತೆ ಬಿಡದ ಊರಾದರೆ ಎರಡು ಸೆಟ್ಟೇ ಸರಿ. ಚಳಿಗೆ ವಿಂಟರ್ ಟೈರು, ಉಳಿದ ಕಾಲಕ್ಕೆ ಎ.ಟಿ. ಅಥವಾ ನಿಮಗೆ ಬೇಕಾದದ್ದು. ಒಟ್ಟಿಗೆ ನೋಡಿದರೆ ಖರ್ಚು ಜಾಸ್ತಿ ಅನ್ನಿಸುತ್ತದೆ. ಆದರೆ ಒಂದು ಓಡುವಾಗ ಇನ್ನೊಂದು ಸವೆಯುವುದಿಲ್ಲ ಅಲ್ವಾ. ವಿಂಟರ್ ಸೆಟ್ಟಿಗೆ ಬೇರೆಯೇ ರಿಮ್ ತೆಗೆದುಕೊಂಡರೆ ಪ್ರತಿ ಸಲ ಟೈರು ಬಿಚ್ಚಿ ಹಾಕಿಸುವ ಗೋಜು ಇಲ್ಲ.

ಕೆಸರಿಗೆಂದೇ ಮಾಡಿದ ಮಡ್ ಟೆರೈನ್ ಟೈರಿನ ಬಗ್ಗೆ ಒಂದೇ ಮಾತು: ದಿನದ ಓಡಾಟಕ್ಕೆ ಬೇಡ. ಹೆದ್ದಾರಿಯಲ್ಲಿ ಗುಂಯ್ ಅನ್ನುವ ಸದ್ದಿಗೆ ಹಿಂದಿನ ಸೀಟಿನವರ ಮಾತು ಕೇಳಿಸುವುದಿಲ್ಲ, ಐಸಿನ ಮೇಲಂತೂ ಕೈಕೊಡುತ್ತದೆ.

ಹಾಕಿಸಿದ ಮೇಲೆ

ಹೊರಗೆ ಚಳಿ ಹೆಚ್ಚಾದಂತೆ ಟೈರಿನ ಒತ್ತಡ ಇಳಿಯುತ್ತದೆ. ತಾಪಮಾನ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಇಳಿದರೆ 1 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಕಡಿಮೆಯಾಗುವ ಲೆಕ್ಕ. ಮೊದಲ ಚಳಿಯ ಬೆಳಗ್ಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದರೆ ಪಂಕ್ಚರೇ ಆಗಿರಬೇಕೆಂದಿಲ್ಲ, ಮೊದಲು ಗಾಳಿ ನೋಡಿ. ಗಾಡಿ ಓಡಿಸುವ ಮುಂಚೆ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಸ್ಟೆಪ್ನಿಯನ್ನೂ ಮರೆಯಬೇಡಿ.

ಹೊಸ ಎ.ಟಿ. ಟೈರಿನ ಸಂದಿನ ಆಳ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಕಾನೂನಿನ ಪ್ರಕಾರ ಬಹಳ ಕಡೆ 1.6 ಮಿ.ಮೀ. ಉಳಿದಿದ್ದರೆ ಸಾಕು. ಹಿಮಕ್ಕೆ ಅದು ಏನೇನೂ ಸಾಲದು. ನಾಲ್ಕಕ್ಕೆ ಇಳಿಯಿತೆಂದರೆ ಆ ಚಳಿಗಾಲಕ್ಕೆ ಅದು ಮುಗಿದಂತೆ. ಅಳೆಯುವ ಪುಟ್ಟ ಕಡ್ಡಿ ಟೈರಿನ ಅಂಗಡಿಯಲ್ಲೇ ಸಿಗುತ್ತದೆ. ಎಂಟರಿಂದ ಹತ್ತು ಸಾವಿರ ಕಿಲೋಮೀಟರಿಗೆ ಒಮ್ಮೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಹಾಕಿಸಿ. ಎ.ಟಿ. ಟೈರು ಒಂದೇ ಕಡೆ ಸವೆದರೆ ಸದ್ದು ಬೇಗ ಜಾಸ್ತಿಯಾಗುತ್ತದೆ.

ಟ್ರೇಲಿನಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಟೈರು ನೆಲಕ್ಕೆ ಹೊಂದಿಕೊಂಡು ಕಲ್ಲಿನ ಮೇಲೆ ಮೆತ್ತಗೆ ಹೋಗುತ್ತದೆ. ಹಾಗೆ ಮಾಡುವುದಾದರೆ ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಡಿಕ್ಕಿಯಲ್ಲಿ ಇರಲಿ. ಇಳಿಸಿದ ಗಾಳಿಯಲ್ಲೇ ಹೆದ್ದಾರಿ ಹತ್ತಬಾರದು, ಟೈರು ಬಿಸಿಯಾಗಿ ಒಡೆಯಬಹುದು. ವಾಪಸ್ ಬಂದ ಮೇಲೆ ನಿಧಾನ ಹೋಗುವಾಗ ಟಕ್ ಟಕ್ ಕೇಳಿಸಿದರೆ ಗಾಬರಿ ಬೇಡ. ಸಂದಿನಲ್ಲಿ ಜಲ್ಲಿ ಸಿಕ್ಕಿಕೊಂಡಿರುತ್ತದೆ. ಸ್ಕ್ರೂ ಡ್ರೈವರಿನಿಂದ ಮೀಟಿ ತೆಗೆಯಿರಿ, ಒಳಗೆ ಒತ್ತಬೇಡಿ. ಸಿಕ್ಕಿರುವುದು ಮೊಳೆಯಾದರೆ ಕೀಳಬೇಡಿ, ಹಾಗೇ ನಿಧಾನಕ್ಕೆ ಅಂಗಡಿಗೆ ಒಯ್ಯಿರಿ.

ಚಕ್ರ ಬಿಚ್ಚಿ ಹಾಕಿಸಿದಾಗಲೆಲ್ಲ ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟು ಬಿಗಿ ಇದೆಯೇ ಎಂದು ಮತ್ತೊಮ್ಮೆ ನೋಡಿಸಿ. ಬಹಳ ಅಂಗಡಿಗಳಲ್ಲಿ ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಐದು ನಿಮಿಷದ ಕೆಲಸ.