ಗೋಡೆಗೆ ಪುಸ್ತಕದ ಹಲಗೆ ಕೂರಿಸುವ ಬಗೆ

3 ಅಡಿ ಉದ್ದ, 8 ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪದ ಹಲಸಿನ ಅಥವಾ ತೇಗದ ಹಲಗೆ ಈ ಕೆಲಸಕ್ಕೆ ಸಾಕು. ಹಸಿ ಮರ ಒಣಗುತ್ತ ಸೊಟ್ಟಗಾಗುವುದರಿಂದ, ಅಗ್ಗವೆಂದು ಅದನ್ನು ಕೊಳ್ಳಲೇಬಾರದು. ಹಲಗೆಯನ್ನು ಮೊದಲು 80, ಅನಂತರ 120ನೇ ನಂಬರಿನ ಉಪ್ಪುಕಾಗದದಿಂದ ಮರದ ಎಳೆಯ ಗುಂಟ ಉಜ್ಜಿ, ವಾರ್ನಿಷ್ ಬಳಿದು ಒಂದು ದಿನ ಒಣಗಲು ಬಿಡಿ.

ನಿಜವಾದ ಎಚ್ಚರ ಬೇಕಿರುವುದು ಗೋಡೆಯ ಕೆಲಸದಲ್ಲಿ. ಸ್ವಿಚ್ ಬೋರ್ಡಿನ ನೇರಕ್ಕೆ ವೈರುಗಳು ಹಾದುಹೋಗಿರುವ ಸಂಭವವಿರುವುದರಿಂದ ಆ ಜಾಗವನ್ನು ಬಿಟ್ಟು, ಎರಡು ಕಬ್ಬಿಣದ ಬ್ರಾಕೆಟ್‌ಗಳ ಸ್ಥಾನವನ್ನು ಹಲಗೆಯ ತುದಿಗಳಿಂದ 6 ಅಂಗುಲ ಒಳಗೆ ರಸಮಟ್ಟ (ಮಟ್ಟ ಸರಿಯಿದೆಯೇ ಎಂದು ನೋಡುವ ಸಾಧನ) ಇಟ್ಟು ಗುರುತಿಸಿ, ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಹೋಗುವಂತೆ ಕೊರೆದು, ರಂಧ್ರದ ಪುಡಿಯನ್ನು ಪೂರ್ತಿ ತೆಗೆದ ಮೇಲೆಯೇ ಸ್ಕ್ರೂವನ್ನು ಹಿಡಿದುಕೊಳ್ಳುವ ಪ್ಲಗ್ ಬಡಿಯಬೇಕು. ಪುಡಿ ಉಳಿದರೆ ಹಿಡಿತ ಸಡಿಲವಾಗುತ್ತದೆ. ಬ್ರಾಕೆಟ್‌ಗಳು ಬಿಗಿಯಾದ ಬಳಿಕ ಹಲಗೆಯನ್ನು ಮೇಲಿಟ್ಟು, ಅರ್ಧ ಅಂಗುಲದ ಸ್ಕ್ರೂಗಳನ್ನು ಕೆಳಗಿನಿಂದ ತಿರುಗಿಸಿ.